ಗಟ್ಟಿ ಇದ್ದದ್ದೆಲ್ಲ ಬಾಳಿಕೆ ಬರಲ್ಲ: ಹಾಯಿದೋಣಿಯ ಮೆತ್ತೆ ಕಲಿಸಿದ್ದು

ಹಾಸ್ಟೆಲ್ ಸೇರಿದ ಮೊದಲ ವಾರ ನೀವೂ ಹಾಸಿಗೆ ಅಂಗಡಿಗೆ ಹೋಗಿರ್ತೀರಿ. ಅಲ್ಲಿ ಏನು ಮಾಡಿದ್ರಿ? ಅಂಗೈಯಿಂದ ಒತ್ತಿ ನೋಡಿದ್ರಿ. "ಗಟ್ಟಿ ಇದೆ ಸಾರ್, ಬಾಳಿಕೆ ಬರುತ್ತೆ" ಅಂದ್ರು ಅಂಗಡಿಯವರು. ನೀವೂ ತಲೆಯಾಡಿಸಿ ತಗೊಂಡು ಬಂದ್ರಿ. ಮೂರನೇ ಸೆಮಿಸ್ಟರ್ ಹೊತ್ತಿಗೆ ಹಾಸಿಗೆಯ ನಡುವೆ ಗುಂಡಿ ಬಿದ್ದಿತ್ತು.

ಇದೇ ತಪ್ಪನ್ನು ನಾನು ಮೆಕ್ಯಾನಿಕಲ್ ಡಿಗ್ರಿ ಮುಗಿಸಿದ ಮೇಲೆ, ಸಿಯಾಟಲ್‌ನಲ್ಲಿ, ಒಂದು ಪುಟ್ಟ ಹಾಯಿದೋಣಿಯೊಳಗೆ ಮಾಡಿದೆ. ಆ ತಪ್ಪಿನ ಫಲ ಅನುಭವಿಸಿದ್ದು ಅಪ್ಪನ ಬೆನ್ನು. ಅದಕ್ಕೇ ಈ ಲೇಖನ. ದೋಣಿ ಕೊಳ್ಳೋ ಯೋಚನೆ ನಿಮಗೆ ಇಲ್ಲದಿದ್ರೂ ಓದಿ. ಫೋಮ್ ಅನ್ನೋ ವಸ್ತು ನಿಮ್ಮ ಕೆಳಗೆ ಈಗಲೂ ಇರಬಹುದು.

ದೋಣಿಯ ಕಥೆ

ಇಲ್ಲಿ ಹಳೇ ಹಾಯಿದೋಣಿಗಳು ಸೆಕೆಂಡ್ ಹ್ಯಾಂಡ್ ಕಾರಿಗಿಂತ ಅಗ್ಗಕ್ಕೆ ಸಿಗುತ್ತವೆ. ನಾನೂ ಆಫೀಸಿನ ಗೆಳೆಯನೂ ಅರ್ಧರ್ಧ ದುಡ್ಡು ಹಾಕಿ ಕ್ಯಾಟಲೀನಾ 22 ಅನ್ನೋ ದೋಣಿ ತಗೊಂಡ್ವಿ. ಫ್ರಾಂಕ್ ಬಟ್ಲರ್ ವಿನ್ಯಾಸ ಮಾಡಿದ ಈ ದೋಣಿ 1970ರ ಸುಮಾರಿಗೆ ಮಾರುಕಟ್ಟೆಗೆ ಬಂತು. 15 ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಉದ್ದ ಸುಮಾರು 22 ಅಡಿ. ಅದರೊಳಗೆ ಒಂದು ಪುಟ್ಟ ಕೋಣೆ. ಮೂತಿಯ ಕಡೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಮಲಗುವ ಜಾಗ, ಹಿಂದೆ ಕೂರೋಕೂ ಮಲಗೋಕೂ ಆಗುವ ಬೆಂಚು. ಎಲ್ಲದರ ಮೇಲೂ ಮೆತ್ತೆ, ಅಂದ್ರೆ ಬಟ್ಟೆ ಹೊದಿಸಿದ ಫೋಮ್ ಕುಶನ್.

ನಮ್ಮ ದೋಣಿಯಲ್ಲಿದ್ದ ಮೆತ್ತೆಗಳು ನಮಗಿಂತ ಹಳೆಯವು. ಕವರ್ ತೆಗೆದರೆ ಫೋಮ್ ರಸ್ಕ್ ಥರ ಪುಡಿಪುಡಿ. ಕೆಳಗಡೆ ಕಪ್ಪು ಬೂಷ್ಟು, ಅದರ ವಾಸನೆ. ಎಸೆದ್ವಿ. ಹೊಸದು ಹಾಕೋದು ಎಷ್ಟೊತ್ತಿನ ಕೆಲಸ ಅಂದ್ಕೊಂಡು ಅಂಗಡಿಗೆ ಹೋದೆ, ಅಂಗೈಯಿಂದ ಒತ್ತಿದೆ, ಗಟ್ಟಿ ಇತ್ತು, ಬೆಲೆ ಕಡಿಮೆ ಇತ್ತು. ತಗೊಂಡೆ.

ಮುಂದಿನ ಬೇಸಿಗೆಗೆ ಅಪ್ಪ ಅಮ್ಮ ಬಂದ್ರು. ಅಪ್ಪನಿಗೆ ದೋಣಿಯಲ್ಲಿ ಒಂದು ರಾತ್ರಿ ಕಳೆಯೋ ಆಸೆ. ನಾಲ್ಕು ಜನ ಮಲಗಿದ್ವಿ. ಬೆಳಿಗ್ಗೆ ಅಪ್ಪ ಏಳೋಕೇ ಆಗ್ತಿಲ್ಲ. "ಏನೋ ಇದು, ರಾತ್ರಿಯೆಲ್ಲ ಹಲಗೆ ಮೇಲೆ ಮಲಗಿದ ಹಾಗಿತ್ತಲ್ಲೋ" ಅಂದ್ರು. ಮೆತ್ತೆ ಎತ್ತಿ ನೋಡಿದೆ. ಮಧ್ಯದಲ್ಲಿ ತಗ್ಗು. ಅಡಿಭಾಗ ಒದ್ದೆ, ಅಲ್ಲಲ್ಲಿ ಮತ್ತೆ ಕಪ್ಪು ಚುಕ್ಕೆ. ಹಾಕಿ ಒಂದೂವರೆ ವರ್ಷವೂ ಆಗಿರಲಿಲ್ಲ. "ಇಂಜಿನಿಯರ್ ಓದಿಸಿದ್ದು ಇದಕ್ಕೇನಾ?" ಅಂತ ಅಪ್ಪ ನಗ್ತಾ ಕೇಳಿದ್ರು. ನನಗೆ ನಗು ಬರಲಿಲ್ಲ.

ಗಟ್ಟಿತನ ಬೇರೆ, ಸಾಂದ್ರತೆ ಬೇರೆ

ಫೋಮ್ ಅಂಗಡಿಯಲ್ಲಿ ಎರಡು ಸಂಖ್ಯೆ ಕೇಳಬೇಕು. ನಾನು ಒಂದನ್ನೂ ಕೇಳಿರಲಿಲ್ಲ.

ಮೊದಲನೆಯದು ಸಾಂದ್ರತೆ, ಡೆನ್ಸಿಟಿ. ಒಂದು ಘನಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತೆ ಅನ್ನೋದು. ನಮ್ಮೂರ ಅಂಗಡಿಗಳಲ್ಲಿ "40 ಡೆನ್ಸಿಟಿ" ಅಂದ್ರೆ ಘನಮೀಟರ್‌ಗೆ 40 ಕೆಜಿ. ಅಮೆರಿಕದಲ್ಲಿ ಇದನ್ನೇ ಘನ ಅಡಿಗೆ ಇಷ್ಟು ಪೌಂಡ್ ಅಂತಾರೆ. 1 ಪೌಂಡ್ ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 16.

ಎರಡನೆಯದು ಗಟ್ಟಿತನ. ಇದಕ್ಕೆ ಐಎಫ್‌ಡಿ ಅಂತ ಹೆಸರು. 8 ಇಂಚು ವ್ಯಾಸದ ಒಂದು ದುಂಡು ತಟ್ಟೆಯಿಂದ 4 ಇಂಚು ದಪ್ಪದ ಫೋಮನ್ನು ಕಾಲು ಭಾಗ, ಅಂದ್ರೆ 1 ಇಂಚು, ಒತ್ತೋಕೆ ಎಷ್ಟು ಪೌಂಡ್ ಬಲ ಬೇಕು ಅನ್ನೋದೇ ಆ ಸಂಖ್ಯೆ. ಅಂಗೈಯಿಂದ ಒತ್ತಿದಾಗ ನಮಗೆ ತಿಳಿಯೋದು ಹೆಚ್ಚುಕಡಿಮೆ ಇದೊಂದೇ.

ಈಗ ಮುಖ್ಯ ವಿಷಯ. ಗಟ್ಟಿತನ ಇವತ್ತಿನ ಅನುಭವ ಹೇಳುತ್ತೆ, ಸಾಂದ್ರತೆ ಬಾಳಿಕೆ ಹೇಳುತ್ತೆ. ಪಾಲಿಯುರಿಥೇನ್ ಗಟ್ಟಿ ಪ್ಲಾಸ್ಟಿಕ್ ರೂಪದಲ್ಲಿದ್ದರೆ ಘನಮೀಟರ್‌ಗೆ ಸುಮಾರು 1200 ಕೆಜಿ ತೂಗುತ್ತೆ. ಹಾಗಾಗಿ 24 ಡೆನ್ಸಿಟಿ ಫೋಮ್‌ನಲ್ಲಿ ವಸ್ತು ಇರೋದು ಶೇ 2 ಮಾತ್ರ, ಉಳಿದದ್ದು ಗಾಳಿ. 45 ಡೆನ್ಸಿಟಿ ತಗೊಂಡ್ರೆ ವಸ್ತು ಸುಮಾರು ದುಪ್ಪಟ್ಟು, ಶೇ 4ರ ಹತ್ತಿರ.

ಫೋಮ್‌ಗಳ ಬಗ್ಗೆ ಗಿಬ್ಸನ್ ಮತ್ತು ಆ್ಯಶ್ಬಿ ಬರೆದ ಸೆಲ್ಯುಲರ್ ಸಾಲಿಡ್ಸ್ ಪುಸ್ತಕ ನಿಮ್ಮ ಲೈಬ್ರರಿಯಲ್ಲಿದ್ರೆ ತೆಗೆದು ನೋಡಿ. ತೆರೆದ ಕೋಶದ ಫೋಮ್‌ನ ಬಿಗುಪು, ಅಂದ್ರೆ ಸ್ಟಿಫ್‌ನೆಸ್, ಸಾಪೇಕ್ಷ ಸಾಂದ್ರತೆಯ ವರ್ಗಕ್ಕೆ ಅನುಪಾತದಲ್ಲಿರುತ್ತೆ ಅಂತ ಅಲ್ಲಿದೆ. ಹಾಗಿದ್ರೆ ಸಾಂದ್ರತೆ ಕಡಿಮೆ ಆದ್ರೆ ಫೋಮ್ ಮೆತ್ತಗಾಗಬೇಕಲ್ವಾ? ಆಗಬೇಕು, ಆದ್ರೆ ಆ ಸೂತ್ರ ಒಂದೇ ಪ್ಲಾಸ್ಟಿಕ್‌ಗೆ ಅನ್ವಯಿಸುತ್ತೆ. ತಯಾರಕರು ರಾಸಾಯನಿಕ ಮಿಶ್ರಣ ಬದಲಿಸಿ ಕೋಶದ ಕಡ್ಡಿಗಳನ್ನೇ ಬಿಗಿ ಮಾಡಬಹುದು. ಆಗ ವಸ್ತು ಕಡಿಮೆ ಇದ್ರೂ ಕೈಗೆ ಗಟ್ಟಿ ಅನ್ನಿಸುತ್ತೆ. ಆದ್ರೆ ಆ ಸಣಕಲು ಕಡ್ಡಿಗಳು ಸಾವಿರ ಸಲ ಬಾಗಿ ಎದ್ದಮೇಲೆ ಮೊದಲಿನ ಸ್ಥಿತಿಗೆ ಬರಲ್ಲ. ನಾನು ಕೊಂಡಿದ್ದು ಅಂಥದ್ದೇ.

ಸ್ಟ್ರೆಸ್-ಸ್ಟ್ರೇನ್ ಗ್ರಾಫ್ ನೆನಪಿಸಿಕೊಳ್ಳಿ. ಫೋಮನ್ನು ಒತ್ತಿದಾಗ ಮೊದಲು ಒಂದು ಸಣ್ಣ ಏರು. ಆಮೇಲೆ ಕಡ್ಡಿಗಳು ಬಕಲ್ ಆಗ್ತಾ ಉದ್ದಕ್ಕೆ ಸಮತಟ್ಟು. ಕೊನೆಗೆ ಕಡ್ಡಿಗೆ ಕಡ್ಡಿ ತಗುಲಿ ಗ್ರಾಫ್ ಕಡಿದಾಗಿ ಮೇಲೇಳುತ್ತೆ. ನಮ್ಮ ಮೈ ಸಮತಟ್ಟು ಭಾಗದಲ್ಲಿರಬೇಕು. ಕೊನೆಯ ಭಾಗಕ್ಕೆ ಹೋದ್ರೆ ಕೆಳಗಿನ ಹಲಗೆ ಬೆನ್ನಿಗೆ ಒತ್ತುತ್ತೆ. ಅಪ್ಪನಿಗೆ ಆಗಿದ್ದು ಇದು.

ದೋಣಿಯ ಬೆಂಚಿಗೆ ಇನ್ನೊಂದು ಕಷ್ಟ ಇದೆ. ಹಗಲು ಅದರ ಮೇಲೆ ಕೂರ್ತೀವಿ, ಪೂರ್ತಿ ತೂಕ ಸಣ್ಣ ಜಾಗದ ಮೇಲೆ. ರಾತ್ರಿ ಮಲಗ್ತೀವಿ, ಅದೇ ತೂಕ ಹಲವು ಪಟ್ಟು ದೊಡ್ಡ ಜಾಗಕ್ಕೆ ಹರಡುತ್ತೆ. ಕೂರೋಕೆ ಗಟ್ಟಿ ಬೇಕು, ಮಲಗೋಕೆ ಮೆತ್ತಗೆ ಬೇಕು. ಇದಕ್ಕೆ ಉತ್ತರ ದಪ್ಪ. ಎರಡನೇ ಸಲ ನಾನು 4 ಇಂಚಿನ ಬದಲು 5 ಇಂಚು, 45 ಡೆನ್ಸಿಟಿ, ಐಎಫ್‌ಡಿ 40ರ ಸುಮಾರಿನದ್ದು ತಗೊಂಡೆ. ದುಡ್ಡು ಮೊದಲಿನದರ ಎರಡರಷ್ಟಕ್ಕಿಂತ ಜಾಸ್ತಿ ಆಯ್ತು. ಮೊದಲೇ ಇದನ್ನು ತಗೊಂಡಿದ್ರೆ ಒಂದು ಸಲದ ಖರ್ಚು ಪೂರ್ತಿ ಉಳೀತಿತ್ತು.

ನೀರು ಎಲ್ಲಿಂದ ಬಂತು?

ದೋಣಿ ಸೋರ್ತಾ ಇದೆ ಅಂತ ಎರಡು ದಿನ ಹುಡುಕಿದೆ. ಎಲ್ಲೂ ತೂತಿಲ್ಲ. ನೀರು ಬಂದಿದ್ದು ನಮ್ಮಿಂದಲೇ.

ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್‌ನ ನೀರು ಬೇಸಿಗೆಯಲ್ಲೂ 13 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನಾಲ್ಕು ಜನ ಮಲಗಿ ಉಸಿರಾಡ್ತಿರೋ ಕೋಣೆ 20 ಡಿಗ್ರಿ, ತೇವಾಂಶ ಶೇ 70 ಅಂತಿಟ್ಟುಕೊಳ್ಳಿ. ಆ ಗಾಳಿಯ ಇಬ್ಬನಿ ಬಿಂದು 14 ಡಿಗ್ರಿ ದಾಟುತ್ತೆ. ಅಂದ್ರೆ 13 ಡಿಗ್ರಿಯ ಫೈಬರ್‌ಗ್ಲಾಸ್ ತಾಗಿದ ತಕ್ಷಣ ಅದು ನೀರಾಗುತ್ತೆ, ತಣ್ಣನೆ ಸೋಡಾ ಬಾಟಲಿಯ ಹೊರಗೆ ಹನಿ ಕೂರೋ ಹಾಗೆ. ಫೋಮ್ ಒಳ್ಳೇ ಶಾಖನಿರೋಧಕ. ನಮ್ಮ ಮೈಬಿಸಿ ಕೆಳಗೆ ಹೋಗೋಕೆ ಬಿಡಲ್ಲ, ಹಾಗಾಗಿ ಅದರ ಅಡಿ ತಣ್ಣಗೇ ಉಳಿಯುತ್ತೆ. ಆದ್ರೆ ಅದರ ಕೋಶಗಳು ತೆರೆದಿರೋದ್ರಿಂದ ಬೆವರಿನ ಆವಿ ಆರಾಮಾಗಿ ಇಳಿಯುತ್ತೆ. ಬಿಸಿ ಮೇಲೆ, ಆವಿ ಕೆಳಗೆ. ಬೂಷ್ಟಿಗೆ ಇದಕ್ಕಿಂತ ಒಳ್ಳೇ ಮನೆ ಬೇಕಾ?

ಪರಿಹಾರ ಫೋಮ್‌ನಲ್ಲಿಲ್ಲ, ಅದರ ಕೆಳಗಿದೆ. ಮೆತ್ತೆಗೂ ಹಲಗೆಗೂ ನಡುವೆ ಗಾಳಿಯಾಡೋಕೆ ಜಾಗ ಬೇಕು. ಮರದ ಪಟ್ಟಿಗಳನ್ನು ಬಿಡಿಬಿಡಿಯಾಗಿ ಜೋಡಿಸಬಹುದು. ಇಲ್ಲಾಂದ್ರೆ ಪ್ಲಾಸ್ಟಿಕ್ ಎಳೆಗಳ ಒರಟು ಜಾಲರಿ ಹಾಸು ಸಿಗುತ್ತೆ, ಅದನ್ನ ಹಾಸಬಹುದು. ನಾನು ಹಾಸು ಹಾಕಿದೆ. ಜೊತೆಗೆ, ದೋಣಿ ಬಿಟ್ಟು ಬರುವಾಗ ಎಲ್ಲ ಮೆತ್ತೆಗಳನ್ನೂ ಎತ್ತಿ ಅಂಚಿನ ಮೇಲೆ ನಿಲ್ಲಿಸಿ ಬರ್ತೀವಿ. ಎರಡನೆಯದಕ್ಕೆ ಒಂದು ರೂಪಾಯಿಯೂ ಬೇಡ.

ಹಳೇ ಫೋಮ್ ಪುಡಿಯಾಗಿದ್ದಕ್ಕೂ ಕಾರಣ ಇದೆ. ಪಾಲಿಯುರಿಥೇನ್‌ನಲ್ಲಿ ಎಸ್ಟರ್, ಈಥರ್ ಅಂತ ಎರಡು ಬಗೆ. ಎಸ್ಟರ್ ಬಂಧವನ್ನು ತೇವ ನಿಧಾನವಾಗಿ ಮುರಿಯುತ್ತೆ, ಕೆಮಿಸ್ಟ್ರಿಯಲ್ಲಿ ಓದಿದ ಹೈಡ್ರಾಲಿಸಿಸ್. ಈಥರ್ ಬಗೆ ತೇವವನ್ನು ಹೆಚ್ಚು ತಡೆಯುತ್ತೆ. ಒದ್ದೆ ಜಾಗಕ್ಕೆ ಕೊಳ್ಳುವಾಗ ಇದನ್ನೂ ಕೇಳಿ.

ಅಳತೆ, ಕತ್ತರಿಕೆ, ಹೊಲಿಗೆ

ಎರಡನೇ ಸಲ ಅಮ್ಮ ಜೊತೆಗಿದ್ರು. "ಹಳೇ ಕವರ್ ಹೊಲಿಗೆ ಬಿಚ್ಚು, ಅದೇ ಪ್ಯಾಟರ್ನ್" ಅಂದ್ರು. ರವಿಕೆಗೆ ಸರಿ, ಇಲ್ಲಿ ಸಾಲಲಿಲ್ಲ. ದೋಣಿಯ ಗೋಡೆ ನೆಟ್ಟಗಿರಲ್ಲ, ಮೇಲೆ ಹೋಗ್ತಾ ಹೊರಕ್ಕೆ ವಾಲುತ್ತೆ. ಹಾಗಾಗಿ ಮೆತ್ತೆಯ ಮೇಲ್ಮೈ ಅಡಿಗಿಂತ ಅಗಲ. ಗೋಡೆ ಲಂಬದಿಂದ 30 ಡಿಗ್ರಿ ವಾಲಿದ್ರೆ 4 ಇಂಚು ದಪ್ಪಕ್ಕೆ ಮೇಲ್ಭಾಗ 4 ಟ್ಯಾನ್ 30, ಅಂದ್ರೆ 2.3 ಇಂಚು ಹೆಚ್ಚು. ದಪ್ಪ 5 ಇಂಚಾದ್ರೆ 2.9. ಹಳೇ ಕವರ್ ನಂಬಿದ್ರೆ ಅಂಚಿನಲ್ಲಿ ಅರ್ಧ ಇಂಚಿಗೂ ಹೆಚ್ಚು ಸಂದು ಉಳೀತಿತ್ತು. ಅದೂ ಅಲ್ದೆ ಮೂತಿಯಿಂದ ಹಿಂದಕ್ಕೆ ಬರ್ತಾ ಕೋನ ಬದಲಾಗುತ್ತೆ. ಹಲಗೆ ಮೇಲೆ ರಟ್ಟು ಹಾಸಿ ಅಡಿಯ ಆಕಾರ ಬರೆದ್ವಿ, ಅಡಿಗೊಂದು ಸಲ ಕೋನ ಅಳೆದ್ವಿ, ಮೇಲಿನ ಆಕಾರವನ್ನು ಲೆಕ್ಕ ಹಾಕಿ ತೆಗೆದ್ವಿ. ಲೆಕ್ಕ ನೋಡಿ ಅಮ್ಮ, "ಇದೇ ನಮ್ಮ ಕ್ರಾಸ್ ಕಟ್ಟು ಇದ್ದ ಹಾಗಲ್ವಾ" ಅಂದ್ರು.

ಮುಂದಿನದನ್ನು ಚುಟುಕಾಗಿ ಹೇಳ್ತೀನಿ:

1. ಫೋಮ್ ಕತ್ತರಿಸೋಕೆ ಅಡುಗೆಮನೆಯ ಕರೆಂಟ್ ಚಾಕು ಸಾಕು. ಕವರ್‌ಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ಆಗ ಬಟ್ಟೆ ಸುಕ್ಕಾಗಲ್ಲ.

2. ದಾರ ಪಾಲಿಯೆಸ್ಟರ್ ಆಗಿರಲಿ. ಹತ್ತಿ ದಾರ ತೇವಕ್ಕೆ ಕೊಳೆಯುತ್ತೆ. ಜಿಪ್ ಪ್ಲಾಸ್ಟಿಕ್‌ದು, ಉಪ್ಪುಗಾಳಿಗೆ ಲೋಹದ ಜಿಪ್ ಹಿಡಿದುಕೊಳ್ಳುತ್ತೆ. ಜಿಪ್ಪನ್ನು ಹಿಂದಿನ ಅಂಚಿನಿಂದ ಎರಡು ಮೂಲೆ ದಾಟಿಸಿ ಹಾಕಿ, ಇಲ್ಲಾಂದ್ರೆ ಫೋಮ್ ಒಳಗೆ ಹೋಗಲ್ಲ.

3. ಅಡಿಗೆ ರೆಕ್ಸಿನ್ ಬೇಡ. ಆವಿ ಅಲ್ಲೇ ಸಿಕ್ಕಿಬೀಳುತ್ತೆ. ಗಾಳಿಯಾಡೋ ಜಾಲರಿ ಬಟ್ಟೆ ಹಾಕಿ.

4. ಫೋಮನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ವ್ಯಾಕ್ಯೂಮ್ ಕ್ಲೀನರ್‌ನಿಂದ ಗಾಳಿ ಎಳೀರಿ. ದೋಸೆ ಥರ ತೆಳ್ಳಗಾಗುತ್ತೆ. ಕವರ್ ಒಳಗೆ ತೂರಿಸಿ ಗಾಳಿ ಬಿಡಿ, ಹಾಳೆ ಎಳೆದುಕೊಳ್ಳಿ. ಅಪ್ಪನಿಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

5. ಒಲೆಯಿಂದ ಮೆತ್ತೆ ದೂರ ಇರಲಿ. ಪಾಲಿಯುರಿಥೇನ್ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ಜೊತೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತೆ. ಇಕ್ಕಟ್ಟಾದ ಕೋಣೆಯಲ್ಲಿ ಬೆಂಕಿಗಿಂತ ಮೊದಲು ಹೊಗೆಯೇ ಕೊಲ್ಲಬಹುದು. ಹಾಸ್ಟೆಲ್ ರೂಮಿನಲ್ಲಿ ಕದ್ದು ಮ್ಯಾಗಿ ಮಾಡೋರೂ ಇದನ್ನು ಓದಿಕೊಳ್ಳಿ.

ಕೊನೆಗೆ ಒಂದು ಪ್ರಯೋಗ

ಹೊಸ ಮೆತ್ತೆಗಳಿಗೆ ಇದು ಮೂರನೇ ಬೇಸಿಗೆ. ಅಡಿ ಒಣಗಿದೆ, ಗುಂಡಿ ಬಿದ್ದಿಲ್ಲ. ಅಪ್ಪ ಊರಿಗೆ ಹೊರಡೋ ಮುಂಚೆ ಮತ್ತೊಂದು ರಾತ್ರಿ ಅಲ್ಲೇ ಮಲಗಿದ್ರು. ಬೆಳಿಗ್ಗೆ ಏನೂ ಹೇಳಲಿಲ್ಲ, ಎದ್ದು ಕಾಫಿ ಕೇಳಿದ್ರು. ನನಗೆ ಅಷ್ಟೇ ಸಾಕಿತ್ತು.

ನೀವು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಹಾಸ್ಟೆಲ್ ಹಾಸಿಗೆ ಪೂರ್ತಿ ಫೋಮ್‌ದಾದ್ರೆ ಅದರ ತೂಕ ನೋಡಿ. 6 ಅಡಿ ಉದ್ದ, 3 ಅಡಿ ಅಗಲ, 4 ಇಂಚು ದಪ್ಪ ಅಂದ್ರೆ 0.17 ಘನಮೀಟರ್. ನಿಜವಾಗಿ 40 ಡೆನ್ಸಿಟಿ ಆಗಿದ್ರೆ ಕವರ್ ಬಿಟ್ಟು 6.8 ಕೆಜಿ ತೂಗಬೇಕು. 4 ಕೆಜಿ ಬಂದ್ರೆ ಅದು 24 ಡೆನ್ಸಿಟಿ, ಲೇಬಲ್ ಏನೇ ಹೇಳಲಿ. ಮುಂದಿನ ಸಲ ಅಂಗಡಿಗೆ ಹೋದಾಗ ಅಂಗೈಯಿಂದ ಒತ್ತಿ ನೋಡಿ, ಬೇಡ ಅನ್ನಲ್ಲ. ಆದ್ರೆ ಅದಕ್ಕೂ ಮೊದಲು ತಕ್ಕಡಿ ಕೇಳಿ.