ಎದೆಯ ಫುಟ್‌ವಾಲ್ವ್ ಮತ್ತು ೨೧ ದಿನದ ಇಂಜೆಕ್ಷನ್

ಬಾವಿಯ ಪಂಪಿಗೆ ಹಾಕಿದ ಫುಟ್‌ವಾಲ್ವ್ ಕೆಟ್ಟರೆ ಏನಾಗುತ್ತದೆಂದು ಗುಬ್ಬಿ, ಕುಣಿಗಲ್ ಕಡೆಯ ತೋಟಗಾರ ಬಂಧುಗಳಿಗೆ ನಾವು ಹೇಳಬೇಕಾದ್ದಿಲ್ಲ. ಬಿಲ್ಲೆ ಸವೆದರೆ ಏರಿದ ನೀರು ಹಿಂದಕ್ಕೆ ಜಾರುತ್ತದೆ; ಕಸ ಕಟ್ಟಿದರೆ ನೀರು ಏರುವುದೇ ಇಲ್ಲ. ಮೋಟಾರು ಮಾತ್ರ ದುಡಿದು ದುಡಿದು ಬಿಸಿಯಾಗುತ್ತದೆ. ನಮ್ಮ ಹೃದಯದಲ್ಲಿಯೂ ಇಂಥ ನಾಲ್ಕು ಕವಾಟಗಳಿವೆ. ಅವು ಕೆಡುವುದೂ ಈ ಎರಡೇ ರೀತಿಯಲ್ಲಿ.

ಮುಪ್ಪಿನಲ್ಲಿ ಸುಣ್ಣದಂಶ ಕಟ್ಟಿ ಕವಾಟ ಬಿರುಸಾಗುವುದುಂಟು. ಆದರೆ ನಮ್ಮಲ್ಲಿ ಎಳೆಯರ ಕವಾಟ ಕೆಡುವುದಕ್ಕೆ ಮುಖ್ಯ ಕಾರಣ ಗಂಟಲು ನೋವು ಎಂದರೆ ನಂಬುವವರು ಕಡಿಮೆ. ೫ರಿಂದ ೧೫ ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ಕೆಟ್ಟು, ಎರಡು ಮೂರು ವಾರದ ಮೇಲೆ ಕೆಲವರಿಗೆ ಜ್ವರ ಬರುತ್ತದೆ. ಇಂದು ಮೊಣಕಾಲು, ನಾಳೆ ಮೊಣಕೈ ಎಂದು ಕೀಲುಗಳು ಊದಿ ನೋಯುತ್ತವೆ. ಇದೇ ರುಮ್ಯಾಟಿಕ್ ಜ್ವರ. ರೋಗಾಣುವನ್ನು ಕೊಲ್ಲಲೆಂದು ಎದ್ದ ದೇಹದ ಶಕ್ತಿಯೇ ತಪ್ಪು ತಿಳಿದು ಹೃದಯದ ಮೇಲೆ ಬೀಳುತ್ತದೆ. ಮಕ್ಕಳಿಗೆ ಅರಿಶಿನದ ಹಾಲು ಕುಡಿಸಿ, 'ಬೆಳೆಯುವ ಮಕ್ಕಳ ನೋವು' ಎಂದು ಕಾಲಿಗೆ ಎಣ್ಣೆ ತಿಕ್ಕಿದವರಲ್ಲಿ ನಾವೂ ಸೇರಿದ್ದೇವೆ. ತಿಕ್ಕಿದರೂ ಬಿಟ್ಟರೂ ಆ ನೋವು ಹೋಗುತ್ತದೆ, ಮೋಸವಿರುವುದೇ ಅಲ್ಲಿ.

ಮತ್ತೆ ಗಂಟಲು ಕೆಟ್ಟಾಗಲೆಲ್ಲ ಜ್ವರ ಮರುಕಳಿಸಬಹುದು, ಕವಾಟಕ್ಕೆ ಇನ್ನೊಂದು ಗಾಯವಾಗಬಹುದು. ಇದನ್ನು ತಡೆಯಲೆಂದೇ ಬೆಂಜಥೀನ್ ಪೆನ್ಸಿಲಿನ್ ಇಂಜೆಕ್ಷನ್ನನ್ನು ೨೧ ದಿನಕ್ಕೊಮ್ಮೆ ವರ್ಷಗಟ್ಟಲೆ ಕೊಡುತ್ತಾರೆ. ಕವಾಟ ಕೆಟ್ಟಿದ್ದರೆ ನಲವತ್ತರ ವಯಸ್ಸಿನವರೆಗೂ ಬೇಕಾಗಬಹುದು. ದುಬಾರಿಯದಲ್ಲ, ಆದರೆ ಬಹಳ ನೋಯುತ್ತದೆ. ಹುಡುಗ ಆಡಿಕೊಂಡಿದ್ದಾನಲ್ಲ ಎಂದು ಮನೆಯವರು ನಿಲ್ಲಿಸಿಬಿಡುತ್ತಾರೆ. ಕೊಳೆರೋಗ ಬರುವ ಮುನ್ನವೇ ಬೋರ್ಡೋ ಸಿಂಪಡಿಸುವ, ಮಳೆ ಹಿಡಿದರೆ ಮತ್ತೆ ಸಿಂಪಡಿಸುವ ನಮ್ಮ ಮಲೆನಾಡಿನ ಸದಸ್ಯರಿಗೆ ಈ ಲೆಕ್ಕ ಬೇಗ ಹಿಡಿಯುತ್ತದೆ.

ಮಿಟ್ರಲ್ ಕವಾಟದ ಬಾಯಿ ಸಾಮಾನ್ಯವಾಗಿ ೪ರಿಂದ ೬ ಚದರ ಸೆಂಟಿಮೀಟರು. ೧.೫ಕ್ಕೆ ಇಳಿದರೆ ರೋಗ ತೀವ್ರವೆಂದೇ ಅರ್ಥ. ಅಡಿಕೆ ಗೊನೆ ಹೊತ್ತ ಹೆಣ್ಣುಮಗಳು ನಾಲ್ಕು ಹೆಜ್ಜೆಗೆ ಏದುಸಿರು ಬಿಟ್ಟರೆ 'ರಕ್ತ ಕಡಿಮೆ' ಎಂದು ಟಾನಿಕ್ಕು ತಂದುಕೊಡುತ್ತೇವೆ. ಗರ್ಭಿಣಿಯಾದಾಗ ದೇಹದ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಕಿರಿದಾದ ಬಾಯಿಯಲ್ಲಿ ಅದು ಹಾಯಲಾರದೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ, ರಾತ್ರಿ ಮಲಗಲಾಗದ ಕೆಮ್ಮು ಬರುತ್ತದೆ. ಹೃದಯದ ಮೇಲುಕೋಣೆ ಹಿಗ್ಗಿ ಬಡಿತ ತಾಳ ತಪ್ಪಿದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಹರೆಯದವರಿಗೆ ಲಕ್ವ ಹೊಡೆದರೆ 'ಗಾಳಿ ಸೋಕಿತು' ಎನ್ನುವ ಬದಲು ಹೃದಯವನ್ನೂ ನೋಡಿಸಬೇಕು.

ಕಿರಿದಾದ ಕವಾಟಕ್ಕೆ ಈಗ ಎದೆ ಸೀಳದೆಯೇ ಚಿಕಿತ್ಸೆಯುಂಟು. ಜಪಾನಿನ ಡಾ. ಇನೋವೆ ೧೯೮೨ರಲ್ಲಿ ಆರಂಭಿಸಿದ ಬಲೂನ್ ವಿಧಾನವದು. ತೊಡೆಯ ರಕ್ತನಾಳದಿಂದ ಬಲೂನನ್ನು ಒಯ್ದು, ಕವಾಟದಲ್ಲಿ ಉಬ್ಬಿಸಿ, ಅಂಟಿದ ತುಟಿಗಳನ್ನು ಬಿಡಿಸುತ್ತಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಇದರಲ್ಲಿ ಹೆಸರಾಗಿದೆ. ೨೦೦೬ರಿಂದ ೨೦೨೪ರವರೆಗೆ ಅದರ ನಿರ್ದೇಶಕರಾಗಿದ್ದ ಡಾ. ಸಿ. ಎನ್. ಮಂಜುನಾಥ್ ಈ ವಿಧಾನದಲ್ಲಿ ನುರಿತವರು. ಆದರೆ ತೀರ ಸೋರುವ ಕವಾಟಕ್ಕೆ ಬಲೂನ್ ನಡೆಯದು, ಶಸ್ತ್ರಚಿಕಿತ್ಸೆಯೇ ಬೇಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ದೇಶೀ ಕವಾಟವನ್ನು ೧೯೯೦ರಿಂದ ಜೋಡಿಸುತ್ತಿದ್ದಾರೆ. ಇಂಥ ಕೃತಕ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಗುಳಿಗೆಯನ್ನು ಜೀವನಪರ್ಯಂತ ನುಂಗಬೇಕು. ಆ ಗುಳಿಗೆ ಗರ್ಭದ ಶಿಶುವಿಗೆ ತೊಂದರೆ ಕೊಡಬಲ್ಲದು. ಮಗು ಬೇಕೆನ್ನುವ ಮುನ್ನವೇ ವೈದ್ಯರನ್ನು ಕೇಳತಕ್ಕದ್ದು. ಹಲ್ಲು ಕೀಳಿಸುವಾಗಲೂ ಕವಾಟದ ವಿಷಯ ಹೇಳಬೇಕು.

ಕಾಫಿ ಕೊಯ್ಲಿಗೆ ಬರುವ ಕೂಲಿ ಕುಟುಂಬಗಳ ಮಕ್ಕಳಲ್ಲಿಯೂ ಈ ಇಂಜೆಕ್ಷನ್ ತೆಗೆದುಕೊಳ್ಳುವವರಿರಬಹುದು. ಬಂದ ವಾರದಲ್ಲಿಯೇ ವಿಚಾರಿಸಿ, ಚೀಟಿಯಲ್ಲಿನ ಮುಂದಿನ ತಾರೀಖು ನೋಡಿ, ಆ ದಿನ ಮಗುವನ್ನು ಹತ್ತಿರದ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಲು ತಾಯಿಗೆ ಅರ್ಧ ದಿನದ ರಜೆ ಕೊಡಿ, ಸಂಬಳ ಹಿಡಿಯದೆ.