ಹತ್ತು ಶೇರು ಇರುವವನ ಮಾತು ಎಲ್ಲಿ ನಡೆಯುತ್ತದೆ?

ಸೆಪ್ಟೆಂಬರ್ ಬಂತೆಂದರೆ ಉಮರ್ಗಾ, ನಿಲಂಗಾ, ಉದ್ಗೀರ್ ಕಡೆಯ ಅಂಗಡಿ, ಹೋಟೆಲುಗಳಲ್ಲಿ ಒಂದು ಮಾತು ಶುರುವಾಗುತ್ತದೆ: ಸಕ್ಕರೆ ಕಾರ್ಖಾನೆಯ ಸಭೆ ಯಾವಾಗ, ಕಬ್ಬಿನ ಬಾಕಿ ಏನಾಯ್ತು. ಮಹಾರಾಷ್ಟ್ರದ ಸಹಕಾರಿ ಕಾಯ್ದೆ ಪ್ರಕಾರ ಮಾರ್ಚ್‌ಗೆ ವರ್ಷ ಮುಗಿದರೆ ಆರು ತಿಂಗಳೊಳಗೆ ವಾರ್ಷಿಕ ಸಭೆ ಆಗಲೇಬೇಕು. ಅಂದರೆ ಸೆಪ್ಟೆಂಬರ್ 30 ಕೊನೆ. ಕರಾವಳಿಯಿಂದ ಇಲ್ಲಿಗೆ ವ್ಯಾಪಾರಕ್ಕೆ ಬಂದ ನಮ್ಮವರಿಗೆ ಇದರಲ್ಲಿ ಏನಿದೆ ಅನ್ನಿಸಬಹುದು. ಆದರೆ ಕಬ್ಬಿನ ಬಿಲ್ ಬಂದರೆ ನಮ್ಮ ಗಲ್ಲಾಪೆಟ್ಟಿಗೆಗೂ ದುಡ್ಡು ಬರುತ್ತದೆ, ಬಾರದಿದ್ದರೆ ಉದ್ರಿ ಪುಸ್ತಕ ದಪ್ಪಗಾಗುತ್ತದೆ.

ಸಹಕಾರಿ ಕಾರ್ಖಾನೆಯಲ್ಲಿ ಒಂದು ಶೇರು ಇದ್ದವನಿಗೂ ಒಂದೇ ಮತ, ನೂರು ಇದ್ದವನಿಗೂ ಒಂದೇ ಮತ. ನಮ್ಮ ಜಮಾಅತ್ ಮಹಾಸಭೆ ಇದ್ದ ಹಾಗೆ. ಸಭೆ ನಡೆಯುವ ರೀತಿಯೂ ಹೆಚ್ಚುಕಮ್ಮಿ ಹಾಗೆಯೇ ಅನ್ನಿ! ವಿಷಯ ಓದುತ್ತಾರೆ, ಮುಂದಿನ ಸಾಲಿನವರು 'ಮಂಜೂರ್, ಮಂಜೂರ್' ಎಂದು ಕೂಗುತ್ತಾರೆ, ಮುಗೀತು. ನಿಲಂಗಾ ತಾಲೂಕಿನ ಅಂಬುಲ್ಗಾದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಮುಚ್ಚಿಕೊಂಡಿತ್ತು. ಕಾರ್ಖಾನೆ ಮುಚ್ಚಿದರೆ ಶೇರು ಸರ್ಟಿಫಿಕೇಟ್ ಪೆಟ್ಟಿಗೆಯಲ್ಲಿ ಭದ್ರವಾಗಿಯೇ ಇರುತ್ತದೆ, ಕಬ್ಬು ಮಾತ್ರ ದೂರದ ಬೇರೆ ಕಾರ್ಖಾನೆಗೆ ಹೋಗಬೇಕು.

ಕಾಯ್ದೆ ಸದಸ್ಯನ ಕೈಯನ್ನು ಪೂರ್ತಿ ಕಟ್ಟಿಲ್ಲ. ಐದರಲ್ಲಿ ಒಂದು ಪಾಲು ಸದಸ್ಯರು ಬರೆದು ಕೊಟ್ಟರೆ ವಿಶೇಷ ಸಭೆ ಕರೆಯಬೇಕು. ಅಷ್ಟೇ ಸದಸ್ಯರು ಸಹಕಾರಿ ರಿಜಿಸ್ಟ್ರಾರ್‌ಗೆ ಅರ್ಜಿ ಹಾಕಿ ವಿಚಾರಣೆ ಕೇಳಬಹುದು. ಸಾವಿರಾರು ಸದಸ್ಯರಿರುವ ಕಡೆ ಐದರಲ್ಲಿ ಒಂದು ಪಾಲು ಸಹಿ ಸೇರಿಸುವುದು ಸುಲಭವಲ್ಲ, ಅದೂ ನಿಜ. ಹಾಗಾಗಿ ನನ್ನ ಲೆಕ್ಕದಲ್ಲಿ ರೈತನಿಗೆ ಶೇರುದಾರನಾಗಿ ಇರುವ ಬಲಕ್ಕಿಂತ ಕಬ್ಬು ಕೊಡುವವನಾಗಿ ಇರುವ ಬಲವೇ ಜಾಸ್ತಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ.15 ಬಡ್ಡಿ. ಕಂಪನಿಯನ್ನು ಪ್ರಶ್ನಿಸುವ ಹಕ್ಕು ಶೇರು ಇದ್ದವನಿಗೆ ಮಾತ್ರ ಅಲ್ಲ ಅನ್ನೋದು ಇದರಿಂದಲೇ ಗೊತ್ತಾಗುತ್ತದೆ.

ಇನ್ನು ಶೇರು ಮಾರುಕಟ್ಟೆಯ ಕಂಪನಿಗಳು. ಇಲ್ಲಿ ತಲೆಗೊಂದು ಮತ ಅಲ್ಲ, ಶೇರಿಗೊಂದು ಮತ. ಹಾಗಾದರೆ ಹತ್ತು ಶೇರು ಇಟ್ಟುಕೊಂಡವನು ಏನು ಮಾಡಿಯಾನು? ನಮ್ಮ ಅಂಗಡಿಗಳಲ್ಲಿ ದಿನಾ ಮಾರುವ ಮ್ಯಾಗಿ, ನೆಸ್ಕೆಫೆಯ ಕಂಪನಿಯನ್ನೇ ನೋಡಿ. ನೆಸ್ಲೆ ಇಂಡಿಯಾಕ್ಕೆ ನಮ್ಮ ನಂಜನಗೂಡಿನಲ್ಲೂ ಕಾರ್ಖಾನೆ ಇದೆ. ಅದು ತನ್ನ ಮಾರಾಟದ ಶೇ.4.5ರಷ್ಟನ್ನು ಸ್ವಿಟ್ಜರ್ಲೆಂಡಿನ ಮಾತೃ ಕಂಪನಿಗೆ ರಾಯಲ್ಟಿಯಾಗಿ ಕೊಡುತ್ತದೆ. ಇದನ್ನು ಐದು ವರ್ಷದಲ್ಲಿ ಶೇ.5.25ಕ್ಕೆ ಏರಿಸುವ ನಿರ್ಣಯ 2024ರಲ್ಲಿ ಮತಕ್ಕೆ ಬಂತು. ಮಾತೃ ಕಂಪನಿಯ ಕೈಯಲ್ಲಿ ಶೇ.62ಕ್ಕೂ ಹೆಚ್ಚು ಶೇರು. ಲೆಕ್ಕದಂತೆ ಸಲೀಸಾಗಿ ಪಾಸಾಗಬೇಕಿತ್ತು. ಆದರೆ ತನ್ನ ಜೇಬಿಗೆ ಹಣ ಬರುವ ಇಂಥ ವ್ಯವಹಾರಕ್ಕೆ ಮಾಲೀಕನೇ 'ಹೌದು' ಎಂದು ಮತ ಹಾಕುವಂತಿಲ್ಲ ಎಂಬುದು ಸೆಬಿ ನಿಯಮ. ಉಳಿದವರು ಮತ ಹಾಕಿದಾಗ ಶೇ.57ರಷ್ಟು ಮತ ವಿರುದ್ಧ ಬಿತ್ತು, ನಿರ್ಣಯ ಬಿದ್ದುಹೋಯಿತು.

ಬರೀ ಹತ್ತು ಶೇರಿನವರಿಂದಲೇ ಇದಾಯಿತು ಅಂತ ಹೇಳಲಾರೆ. ಇಂಥ ಕಡೆ ಮ್ಯೂಚುವಲ್ ಫಂಡ್, ವಿಮೆ ಕಂಪನಿ, ವಿದೇಶಿ ಫಂಡುಗಳ ಮತವೇ ದೊಡ್ಡದು. ಆದರೆ ಮ್ಯೂಚುವಲ್ ಫಂಡಿನಲ್ಲಿರುವುದು ಯಾರ ದುಡ್ಡು? ತಿಂಗಳಿಗೆ ಸಾವಿರ, ಎರಡು ಸಾವಿರ ಎಸ್‌ಐಪಿ ಕಟ್ಟುವವರದ್ದು. 2022ರ ಏಪ್ರಿಲ್‌ನಿಂದ ಫಂಡುಗಳು ಎಲ್ಲಾ ನಿರ್ಣಯಗಳಿಗೂ ಮತ ಹಾಕಲೇಬೇಕು ಅಂತ ಸೆಬಿ ಮಾಡಿದೆ. ಯಾವುದಕ್ಕೆ ಹೇಗೆ ಮತ ಹಾಕಿದೆವು, ಯಾಕೆ ಹಾಕಿದೆವು ಎಂದು ವೆಬ್‌ಸೈಟಿನಲ್ಲಿ ತೋರಿಸಬೇಕು. ಎಸ್‌ಐಪಿ ಕಟ್ಟುವ ನಮ್ಮ ಹುಡುಗರು ಆ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಲಿ.

ಊರಿನ ಉದಾಹರಣೆ ಬೇಕಾದರೆ ಕರ್ಣಾಟಕ ಬ್ಯಾಂಕ್ ಇದೆ. 1924ರಲ್ಲಿ ಮಂಗಳೂರಿನಲ್ಲಿ ಶುರುವಾದ ಈ ಬ್ಯಾಂಕಿಗೆ ಮಾಲೀಕ ಅಂತ ಒಬ್ಬನಿಲ್ಲ, ಶೇರು ಹಂಚಿಹೋಗಿದೆ. 2024-25ರ ಲೆಕ್ಕಪತ್ರದಲ್ಲಿ ಆಡಿಟರ್‌ಗಳು ಒಂದು ಟಿಪ್ಪಣಿ ಬರೆದರು: ಅಧಿಕಾರದ ಮಿತಿ ಮೀರಿ ಆದ 1.53 ಕೋಟಿ ರೂಪಾಯಿ ಖರ್ಚಿಗೆ ನಿರ್ದೇಶಕ ಮಂಡಳಿಯ ಒಪ್ಪಿಗೆ ಇಲ್ಲ, ಪೂರ್ಣಾವಧಿ ನಿರ್ದೇಶಕರಿಂದ ಅದು ವಸೂಲಾಗಬೇಕು. 2025ರ ಜೂನ್ ಕೊನೆಗೆ ವ್ಯವಸ್ಥಾಪಕ ನಿರ್ದೇಶಕರು, ಕಾರ್ಯನಿರ್ವಾಹಕ ನಿರ್ದೇಶಕರು ಇಬ್ಬರೂ ರಾಜೀನಾಮೆ ಕೊಟ್ಟರು. ಅವರು ಹೇಳಿದ್ದು ವೈಯಕ್ತಿಕ ಕಾರಣ. ಅಷ್ಟು ದೊಡ್ಡ ಬ್ಯಾಂಕಿಗೆ ಒಂದೂವರೆ ಕೋಟಿ ಏನೂ ಅಲ್ಲ, ಆದರೆ ಆ ಟಿಪ್ಪಣಿ ಓದಲು ಗೊತ್ತಿದ್ದವನಿಗೆ ಒಳಗಿನ ಗಾಳಿ ಎತ್ತ ಬೀಸುತ್ತಿದೆ ಅಂತ ಮೊದಲೇ ಅಂದಾಜಾಗುತ್ತಿತ್ತು.

ಎಲ್ಲಾ ಕಡೆ ಮತ ನಡೆಯುವುದಿಲ್ಲ. ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಸರ್ಕಾರಿ ಬ್ಯಾಂಕ್. ವಿಲೀನ ಬೇಕೋ ಬೇಡವೋ ಅಂತ ಶೇರುದಾರರ ಮತ ಕೇಳಲಿಲ್ಲ, ಕೇಂದ್ರ ಸರ್ಕಾರದ ಯೋಜನೆಯಂತೆ 1000 ಶೇರಿಗೆ 330 ಯೂನಿಯನ್ ಬ್ಯಾಂಕ್ ಶೇರು ಸಿಕ್ಕಿತು.

ಅದಕ್ಕಿಂತ ಕಷ್ಟದ್ದು ಬೆಂಗಳೂರಿನ ಐಎಂಎ ಕಥೆ. ಹಲಾಲ್ ಲಾಭ ಅಂತ ನಂಬಿ ಹಣ ಇಟ್ಟವರನ್ನು ಅವರು ಎಲ್‌ಎಲ್‌ಪಿಯ ಪಾಲುದಾರರು ಅಂತ ಕಾಗದದಲ್ಲಿ ತೋರಿಸಿದ್ದರು. 2019ರ ಜೂನ್‌ನಲ್ಲಿ ಮಾಲೀಕ ದೇಶ ಬಿಟ್ಟಾಗ ದೂರು ಕೊಡಲು ಸಾಲು ನಿಂತವರು ಸುಮಾರು 40 ಸಾವಿರ ಜನ. ಪಾಲುದಾರ ಅಂದ ಮೇಲೆ ಲೆಕ್ಕದ ಪುಸ್ತಕ ತೋರಿಸಬೇಕಲ್ಲ? ಆ 40 ಸಾವಿರದಲ್ಲಿ ಪುಸ್ತಕ ಕಂಡವರು ಎಷ್ಟು ಮಂದಿ? ವ್ಯವಹಾರ ಬರೆದಿಡಿ, ಸಾಕ್ಷಿ ಇಡಿ ಎಂಬ ಅಲ್ ಬಖರಾದ 282ನೇ ಆಯತ್ತನ್ನು ಮದ್ರಸದಲ್ಲಿ ಕಲಿತವರೇ ತಿಂಗಳ ಲಾಭ ಕೈಗೆ ಬರುತ್ತಿದೆ ಅಂತ ಏನೂ ಕೇಳದೆ ಸುಮ್ಮನಿದ್ದರು. ಇವತ್ತೂ ಯಾರಾದರೂ 'ಪಾಲು ಕೊಡ್ತೇವೆ' ಅಂತ ಬಂದರೆ ಮೂರು ಪ್ರಶ್ನೆ ಸಾಕು: ಸಭೆ ಯಾವಾಗ, ಆಡಿಟರ್ ಯಾರು, ನನಗೆ ಮತ ಉಂಟಾ?

ಮತ ಇದ್ದವರು ಹಾಕುವುದು ಹೇಗೆ? ಸಭೆಗೆ 21 ದಿನ ಮೊದಲು ನೋಟಿಸ್ ಇಮೇಲ್‌ಗೆ ಬರುತ್ತದೆ. ನಾವು ಅದನ್ನು ಜಾಹೀರಾತು ಅಂತ ಅಳಿಸಿಬಿಡುತ್ತೇವೆ. ಅದರಲ್ಲೇ ಇ-ವೋಟಿಂಗ್ ದಿನ ಇರುತ್ತದೆ. ಕನಿಷ್ಠ ಮೂರು ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ. ದುಬೈಯಲ್ಲಿ ಕೂತವರೂ ಮೊಬೈಲಿನಲ್ಲೇ ಹಾಕಬಹುದು. ಮೊದಲು ನೋಡಬೇಕಾದ ನಿರ್ಣಯಗಳು ಎರಡು: ನಿರ್ದೇಶಕರ ಸಂಬಳ, ಮತ್ತು ಮಾಲೀಕರ ಇತರ ಕಂಪನಿಗಳ ಜೊತೆಗಿನ ವ್ಯವಹಾರ.

ಬಾಪನ ಕಾಲದ ಕಾಗದದ ಶೇರು ಕಪಾಟಿನಲ್ಲಿದ್ದರೆ ಅದನ್ನೂ ಹೊರಗೆ ತೆಗೆಯಿರಿ. ಸತತ ಏಳು ವರ್ಷ ಡಿವಿಡೆಂಡ್ ಪಡೆಯದಿದ್ದರೆ ಶೇರೇ ಸರ್ಕಾರದ ಐಇಪಿಎಫ್ ನಿಧಿಗೆ ಹೋಗುತ್ತದೆ, ಅಲ್ಲಿರುವಷ್ಟು ದಿನ ಅದರ ಮತವೂ ಸ್ಥಗಿತ. ವಾರಸುದಾರರು ಐಇಪಿಎಫ್-5 ಫಾರ್ಮ್ ತುಂಬಿ ವಾಪಸ್ ಕೇಳಬಹುದು.