ಕೋಲು ಯಾವ ಕೈಗೆ?

ನರಗುಂದದ ಸುತ್ತಲಿನ ಎರೆಹೊಲಗಳು ಬಹುತೇಕ ಸಮತಟ್ಟು. ಊರಿಗೆ ಒತ್ತಿಕೊಂಡು ಎದ್ದಿರುವುದು ಕೋಟೆಯ ಗುಡ್ಡ, 1858ರಲ್ಲಿ ಇಲ್ಲಿನ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಬಂಡೆದ್ದ ಊರಿನ ಗುರುತು. ದಿನವಿಡೀ ಹೊಲದಲ್ಲಿ ಓಡಾಡಿದರೂ ದಣಿಯದವರು ಈ ಗುಡ್ಡ ಹತ್ತಿಳಿದ ಮರುದಿನ ಪೃಷ್ಠ ಹಿಡಿದುಕೊಂಡಿದೆ ಎನ್ನುವುದುಂಟು. ಹೊಲದಲ್ಲೂ ಅದೇ ಕಾಲು ತಾನೇ?

ಕಾಲು ಅದೇ, ದುಡಿಯುವ ಸ್ನಾಯು ಬೇರೆ. ಪೃಷ್ಠದ ಗ್ಲೂಟಿಯಸ್ ಮ್ಯಾಕ್ಸಿಮಸ್ ನಮ್ಮ ದೇಹದಲ್ಲೇ ಅತಿ ದೊಡ್ಡ ಸ್ನಾಯು. ಸಮನೆಲದ ನಡಿಗೆಯಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ. 2006ರಲ್ಲಿ ವಿಜ್ಞಾನಿ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ಸ್ನಾಯುಗಳ ವಿದ್ಯುತ್ ಸಂಕೇತ ಅಳೆದು, ಓಡುವಾಗ ಅದು ಜೋರಾಗಿ ದುಡಿಯುತ್ತದೆಂದು ತೋರಿಸಿದರು. ಏರು ಹತ್ತುವಾಗ, ಕುಕ್ಕರಗಾಲಿನಿಂದ ಮೇಲೇಳುವಾಗಲೂ ಅದರ ಸರದಿಯೇ.

ನಿಜವಾದ ಸೋಜಿಗ ಅದರಡಿಯಲ್ಲಿ, ಚಪ್ಪೆಯ ಪಕ್ಕದಲ್ಲಿದೆ: ಗ್ಲೂಟಿಯಸ್ ಮೀಡಿಯಸ್. ನಡೆಯುವುದೆಂದರೆ ಹೆಜ್ಜೆಹೆಜ್ಜೆಗೂ ಒಂಟಿಕಾಲಲ್ಲಿ ನಿಲ್ಲುವುದು. ಬಲಗಾಲು ಎತ್ತಿದೊಡನೆ ಟೊಂಕ ಬಲಕ್ಕೆ ಕುಸಿಯಬೇಕು. ಕುಸಿಯದಂತೆ ಎಡ ಚಪ್ಪೆಯ ಮೀಡಿಯಸ್ ಜಗ್ಗಿ ಹಿಡಿಯುತ್ತದೆ. ಕೀಲಿನಿಂದ ಮೈಭಾರ ದೂರ, ಸ್ನಾಯು ಹತ್ತಿರ. ಆದ್ದರಿಂದ ಸ್ನಾಯು ಮೈತೂಕಕ್ಕಿಂತ ಹೆಚ್ಚು ಬಲದಿಂದ ಎಳೆಯಬೇಕು. ಭಾರವೂ ಎಳೆತವೂ ಸೇರಿ ಕೀಲಿನ ಮೇಲೆ ಮೈತೂಕದ ಎರಡು ಪಟ್ಟಿಗೂ ಮೀರಿದ ಒತ್ತಡ ಬೀಳುತ್ತದೆ, ಪ್ರತಿ ಹೆಜ್ಜೆಗೂ!

ಈ ಲೆಕ್ಕ ತಿಳಿದರೆ ಊರೂರಲ್ಲೂ ಕಾಣುವ ಒಂದು ತಪ್ಪು ಕಣ್ಣಿಗೆ ಹೊಡೆಯುತ್ತದೆ. ಎಡ ಚಪ್ಪೆ ನೋಯುವ ಹಿರಿಯರು ಕೋಲನ್ನೂ ಎಡಗೈಯಲ್ಲೇ ಹಿಡಿಯುತ್ತಾರೆ. ಹಿಡಿಯಬೇಕಾದದ್ದು ಬಲಗೈಯಲ್ಲಿ. ಟೊಂಕ ಕುಸಿಯುವುದು ಬಲಕ್ಕಲ್ಲವೇ? ನೋಯುವ ಕೀಲಿನಿಂದ ದೂರದಲ್ಲಿ ಊರಿದ ಕೋಲು ಆ ಕಡೆಯಿಂದ ಎತ್ತಿ ಹಿಡಿಯುತ್ತದೆ; ದೂರವಿರುವುದರಿಂದ ಸ್ವಲ್ಪ ಊರಿದರೂ ಸಾಕು. ಮೀಡಿಯಸ್ಸಿನ ಎಳೆತ ತಗ್ಗುತ್ತದೆ, ಕೀಲಿನ ಹೊರೆಯೂ ಇಳಿಯುತ್ತದೆ. ಕೋಲೂ ಎಡಗಾಲೂ ಒಟ್ಟಿಗೇ ಮುಂದೆ ಹೋಗಬೇಕು. ಕಾಸು ಖರ್ಚಿಲ್ಲದ ಈ ಉಪಾಯವನ್ನು ಮನೆಯ ಹಿರಿಯರಿಗೆ ಇಂದೇ ಹೇಳಿಕೊಡಬೇಕು.

ಮೀಡಿಯಸ್ ಸೋತರೆ ಎತ್ತಿದ ಕಾಲಿನ ಕಡೆ ಟೊಂಕ ಜಾರುತ್ತದೆ. ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಈ ಲಕ್ಷಣವನ್ನು ವೈದ್ಯರು ಇಂದಿಗೂ ರೋಗಿಯನ್ನು ಒಂಟಿಕಾಲಲ್ಲಿ ನಿಲ್ಲಿಸಿ ನೋಡುತ್ತಾರೆ. ಪೋಲಿಯೊ ತಗುಲಿದವರಲ್ಲಿ, ಹುಟ್ಟಿನಿಂದಲೇ ಚಪ್ಪೆಯ ಕೀಲು ಜಾರಿದ ಮಕ್ಕಳಲ್ಲಿ ಇದು ಕಾಣಬಹುದು. ಮಗು ವಾಲಾಡುತ್ತ ನಡೆದರೆ ಗ್ರಹಚಾರವೆಂದು ತಾಯತ ಕಟ್ಟಿಸಿ ಕಾಯುವವರು ಇನ್ನೂ ಇದ್ದಾರೆ. ಅದು ಮಗುವಿಗೆ ಮಾಡುವ ಅನ್ಯಾಯ. ಕೀಲು ಜಾರಿರುವುದು ಮೊದಲ ಕೆಲವು ತಿಂಗಳಲ್ಲೇ ಪತ್ತೆಯಾದರೆ ಮೆತ್ತನೆಯ ಪಟ್ಟಿ ಕಟ್ಟಿಯೇ ಹೆಚ್ಚಿನ ಮಕ್ಕಳ ಕೀಲು ಸರಿಪಡಿಸಬಹುದು. ನಡೆಯಲು ಕಲಿತ ಮೇಲೆ ಗೊತ್ತಾದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.